ಹವ್ಯಾಸ ಲೋಕ: ಒಂದೇ ಒರೆಯಲ್ಲಿ ಐದು ಕತ್ತಿ



ಕಳೆದ ಸಂಚಿಕೆಯಲ್ಲಿ ಸಿಹಿನೀರಿನ ಗಪ್ಪಿ, ಮಾಲಿ, ಏಂಜಲ್ ಮೀನುಗಳ ಬಗ್ಗೆ ಬರೆದುದನ್ನು ಓದಿದ ನಮ್ಮ ಯುವ ವಿಭಾಗದ ಸದಸ್ಯರೊಬ್ಬರು ಒಂದು ಪ್ರಶ್ನೆ ಕೇಳಿದ್ದಾರೆ. ಅವರ ಹೊಸ ಫ್ಲ್ಯಾಟಿನ ಹಾಲ್‌ನಲ್ಲಿ ಉಪ್ಪುನೀರಿನ ದೊಡ್ಡ ಟ್ಯಾಂಕ್ ಇಡುವ ಆಸೆಯಂತೆ. ಅದರಲ್ಲಿ ನಾಲ್ಕೈದು ಬಗೆಯ ಟ್ಯಾಂಗ್ ಒಟ್ಟಿಗೆ ಸಾಕಬಹುದೇ? ಅಂಗಡಿಯವರು "ಧಾರಾಳವಾಗಿ ಸಾಕಬಹುದು" ಅನ್ನುತ್ತಾರಂತೆ. ಸಾಕಿ ಕೈಸುಟ್ಟುಕೊಂಡವರು "ಬೇಡವೇ ಬೇಡ" ಅನ್ನುತ್ತಾರಂತೆ. ಯಾರನ್ನು ನಂಬುವುದು?

ಇಬ್ಬರ ಮಾತಿನಲ್ಲೂ ಅರ್ಧರ್ಧ ಸತ್ಯವಿದೆ. ಉಳಿದ ಅರ್ಧವನ್ನು ಈ ಸಲ ನೋಡೋಣ.

ಮೊದಲಿಗೆ ಒಂದು ಸ್ಪಷ್ಟನೆ. ಇಲ್ಲಿ ಹೇಳುತ್ತಿರುವುದು ನೀರಿಗೆ ಬೆರೆಸಿ ಕುಡಿಯುವ ಕಿತ್ತಳೆ ಪುಡಿಯ ವಿಷಯವಲ್ಲ! 2003ರ 'ಫೈಂಡಿಂಗ್ ನೀಮೋ' ಚಿತ್ರದಲ್ಲಿ ಎಲ್ಲವನ್ನೂ ಮರೆಯುತ್ತಿದ್ದ ಡೋರಿ ನಿಮಗೆ ನೆನಪಿದ್ದಾಳಲ್ಲವೇ? ಅವಳು ಬ್ಲೂ ಟ್ಯಾಂಗ್. 2016ರಲ್ಲಿ ಅವಳ ಹೆಸರಿನಲ್ಲೇ ಇನ್ನೊಂದು ಚಿತ್ರ ಬಂತು. ತೆರೆಯ ಮೇಲೆ ಅವಳು ಎಷ್ಟು ಸಾಧುವೋ, ಅವಳ ನೆಂಟರಿಷ್ಟರು ಅಷ್ಟೇ ಜಗಳಗಂಟರು.

ಕತ್ತಿ ಹೊತ್ತ ಮೀನು

ಟ್ಯಾಂಗ್‌ಗಳಿಗೆ ಇನ್ನೊಂದು ಹೆಸರು ಸರ್ಜನ್ ಮೀನು. ಬಾಲದ ಬುಡದಲ್ಲಿ ಎರಡೂ ಪಕ್ಕಕ್ಕೆ ಡಾಕ್ಟರರ ಚೂರಿಯಂಥ ಹರಿತವಾದ ಮುಳ್ಳು ಇರುವುದರಿಂದ ಆ ಹೆಸರು ಬಂತು. ಹೆಚ್ಚಿನ ಜಾತಿಗಳಲ್ಲಿ ಇದು ಜೇಬಿನ ಚಾಕುವಿನಂತೆ ಮಡಿಚಿ ಒಳಗಿರುತ್ತದೆ, ಸಿಟ್ಟು ಬಂದಾಗ ಹೊರಗೆ ಬರುತ್ತದೆ. ನಾಸೊ ಎಂಬ ಜಾತಿಯಲ್ಲಿ ಮಡಿಚದ ಅಲಗುಗಳು ಸದಾ ಹೊರಗೇ ಇರುತ್ತವೆ. ಎದುರಾಳಿಯ ಪಕ್ಕಕ್ಕೆ ಬಂದು ಬಾಲ ಬೀಸಿದರೆ ಸಾಕು, ಗಾಯ ಖಂಡಿತ. ಮೀನು ಹಿಡಿಯಲು ಹೋದವರ ಬೆರಳಿಗೂ ಇದರ ರುಚಿ ಗೊತ್ತು. ಆದುದರಿಂದ ಟ್ಯಾಂಗನ್ನು ಬರಿಗೈಯಲ್ಲಿ ಹಿಡಿಯಬಾರದು. ಬಲೆಯಲ್ಲೂ ಮುಳ್ಳು ಸಿಕ್ಕಿಕೊಳ್ಳುತ್ತದೆ. ಪ್ಲಾಸ್ಟಿಕ್ ಡಬ್ಬಿಯೊಳಗೆ ಮೆಲ್ಲನೆ ಓಡಿಸಿ ನೀರಿನ ಸಮೇತ ಎತ್ತುವುದೇ ಸರಿಯಾದ ಕ್ರಮ.

"ಒಂದೇ ಒರೆಯಲ್ಲಿ ಎರಡು ಕತ್ತಿ ಇರಲಾರವು" ಎಂಬ ಗಾದೆಯನ್ನು ನೀವು ಮನೆಯಲ್ಲಿ ಹಿರಿಯರ ಬಾಯಲ್ಲಿ ಕೇಳಿರಬಹುದು. ಒರೆ ಎಂದರೆ ಕತ್ತಿಯನ್ನು ಇಡುವ ಚೀಲ. ಟ್ಯಾಂಗ್‌ಗಳ ಮಟ್ಟಿಗೆ ಈ ಗಾದೆ ಅಕ್ಷರಶಃ ನಿಜ. ಆದರೆ ಒಂದು ವಿಚಿತ್ರವಿದೆ: ಎರಡು ಕತ್ತಿ ಇರಲಾರದ ಒರೆಯಲ್ಲಿ ಕೆಲವೊಮ್ಮೆ ಐದು ಕತ್ತಿ ಇರುತ್ತವೆ! ಅದು ಹೇಗೆಂದು ತಿಳಿಯಬೇಕಾದರೆ ಇವು ಜಗಳವಾಡುವುದು ಯಾತಕ್ಕೆ ಎಂದು ಮೊದಲು ತಿಳಿಯಬೇಕು.

ಜಗಳ ಹೊಟ್ಟೆಯದು

ಟ್ಯಾಂಗ್ ಪಾಚಿ ಮೇಯುವ ಮೀನು. ಹೊಲದಲ್ಲಿ ದನ ಮೇಯುವಂತೆ ಬೆಳಗಿನಿಂದ ಸಂಜೆಯವರೆಗೆ ಹವಳದ ದಿಬ್ಬದ ಮೇಲೆ ಪಾಚಿ ಕೀಳುತ್ತಾ ಇರುತ್ತದೆ. ಪಾಚಿಯಲ್ಲಿ ಸತ್ವ ಕಡಿಮೆ. ಹೀಗಾಗಿ ಅದು ದಿನವಿಡೀ ತಿನ್ನಬೇಕು, ತಿನ್ನಲು ತನ್ನದೇ ಆದ ಜಾಗ ಬೇಕು. ಆ ಜಾಗಕ್ಕೆ ಇನ್ನೊಬ್ಬ ಮೇಯಲು ಬಂದರೆ ಕತ್ತಿ ಹೊರಗೆ ಬರುತ್ತದೆ. ಪಾಚಿ ತಿನ್ನದ ಮೀನು ಪಕ್ಕದಲ್ಲೇ ಸುಳಿದಾಡಿದರೂ ಅಷ್ಟಾಗಿ ಲೆಕ್ಕಿಸುವುದಿಲ್ಲ. ಅಂದರೆ ಇದು ದುಷ್ಟತನವಲ್ಲ, ಹೊಟ್ಟೆಪಾಡು.

ಹಿಂದೂ ಮಹಾಸಾಗರದ ಅಲ್ದಾಬ್ರಾ ದ್ವೀಪದಲ್ಲಿ ಮೂರು ಜಾತಿಯ ಸರ್ಜನ್ ಮೀನುಗಳನ್ನು ಗಮನಿಸಿ ಬರೆದ ಒಂದು ಅಧ್ಯಯನ 1979ರಲ್ಲಿ ಪ್ರಕಟವಾಗಿದೆ. ಕ್ಲೌನ್ ಟ್ಯಾಂಗ್, ಪೌಡರ್ ಬ್ಲೂ ಟ್ಯಾಂಗ್ ಮತ್ತು ಕಂದುಬಣ್ಣದ ಸ್ಕೋಪಾಸ್ ಟ್ಯಾಂಗ್ ಎಂಬ ಈ ಮೂರೂ ಅಲ್ಲಿ ತಂತಮ್ಮ ಮೇವಿನ ಜಾಗವನ್ನು ಕಾಯುತ್ತವೆ. ತಮ್ಮ ಜಾತಿಯವರನ್ನಷ್ಟೇ ಅಲ್ಲ, ಇತರರನ್ನೂ ಓಡಿಸುತ್ತವೆ. ಬಲಿಷ್ಠವಾದ ಕ್ಲೌನ್ ಟ್ಯಾಂಗ್ ಉಳಿದವರ ಮೇಲೆ ದರ್ಬಾರು ನಡೆಸುತ್ತದೆ. ಆದರೂ ಮೂರೂ ಒಂದೇ ದಿಬ್ಬದಲ್ಲಿ ಬಾಳುತ್ತವೆ. ಸೋತವನಿಗೆ ಸರಿದುಹೋಗಲು ಅಲ್ಲಿ ಬೇರೆ ಜಾಗವಿದೆ. ಗಾಜಿನ ಟ್ಯಾಂಕಿನಲ್ಲಿ ಅದಿಲ್ಲ, ಸೋತವನು ಗೆದ್ದವನ ಕಣ್ಣೆದುರೇ ಇರಬೇಕು. ಟ್ಯಾಂಕಿನಲ್ಲಿ ಸಾಯುವ ಎಷ್ಟೋ ಟ್ಯಾಂಗ್‌ಗಳು ಕತ್ತಿಯ ಗಾಯದಿಂದ ಸಾಯುವುದಲ್ಲ. ಬೆದರಿ, ಮೂಲೆ ಸೇರಿ, ಊಟ ಬಿಟ್ಟು, ರೋಗ ತಗುಲಿ ಸಾಯುತ್ತವೆ.

ಎರಡಕ್ಕಿಂತ ಐದು ಮೇಲೋ?

ಕನ್ವಿಕ್ಟ್ ಟ್ಯಾಂಗ್ ಎಂಬ ಇನ್ನೊಂದು ಮೀನಿದೆ. ಹಳೆಯ ಕಾಲದ ಕೈದಿಗಳ ಅಂಗಿಯಂತೆ ಮೈಮೇಲೆ ಕಪ್ಪು ಪಟ್ಟಿ ಇರುವುದರಿಂದ ಈ ಹೆಸರು. ಒಂಟಿಯಾಗಿ ಬಂದರೆ ಜಾಗದ ಯಜಮಾನ ಅದನ್ನು ಕ್ಷಣದಲ್ಲಿ ಓಡಿಸುತ್ತಾನೆ. ಅದು ಬುದ್ಧಿವಂತ, ನೂರಾರು ಸೇರಿ ಒಮ್ಮೆಗೇ ದಾಳಿಯಿಡುತ್ತದೆ. ಯಜಮಾನ ಒಂದನ್ನು ಅಟ್ಟಿದರೆ ಹತ್ತು ಮೇಯುತ್ತವೆ. ಕೊನೆಗೆ ಅವನೇ ಸುಸ್ತು!

ಟ್ಯಾಂಕಿನ ಗುಟ್ಟೂ ಇಲ್ಲೇ ಇದೆ. ಎರಡೇ ಟ್ಯಾಂಗ್ ಇದ್ದರೆ ಬಲಿಷ್ಠನ ಸಿಟ್ಟೆಲ್ಲಾ ಒಬ್ಬನ ಮೇಲೆ ಬೀಳುತ್ತದೆ. ನಾಲ್ಕೈದು ಇದ್ದರೆ ಆ ಸಿಟ್ಟು ಹಂಚಿಹೋಗುತ್ತದೆ, ಯಾರಿಗೂ ಪ್ರಾಣಾಂತಿಕವಾಗುವುದಿಲ್ಲ. ಅಂಗಡಿಯವರು ಹೇಳುವ ಅರ್ಧ ಸತ್ಯ ಇದು. ಅವರು ಹೇಳದೆ ಬಿಡುವ ಅರ್ಧ ಏನೆಂದರೆ, ಇದು ನಡೆಯುವುದು ನಿಜವಾಗಿಯೂ ದೊಡ್ಡ ಟ್ಯಾಂಕಿನಲ್ಲಿ, ಮೇವು ಹೇರಳವಾಗಿರುವಾಗ, ಬರುವ ಸರದಿ ಸರಿಯಾಗಿರುವಾಗ ಮಾತ್ರ. ಜಾಗ, ಮೇವು, ಸರದಿ: ಈ ಮೂರರಲ್ಲಿ ಒಂದು ತಪ್ಪಿದರೂ ಐದು ಕತ್ತಿಯ ಒರೆ ಹರಿಯುತ್ತದೆ.

ನಿಮ್ಮ ಅಜ್ಜಂದಿರು ಊರು ಬಿಟ್ಟು ಮುಂಬಯಿಗೆ ಬಂದಾಗ ಒಂದೊಂದು ಖೋಲಿಯಲ್ಲಿ ಎಂಟು ಹತ್ತು ಜನ ಇದ್ದ ಕಥೆ ನಿಮಗೆ ಕೇಳಿ ಗೊತ್ತು. ಅವರೆಲ್ಲರೂ ಸಾಧುಗಳೇ ಆಗಿದ್ದರೆಂದಲ್ಲ. ಯಾರು ಎಲ್ಲಿ ಮಲಗಬೇಕು, ನಳ್ಳಿಯ ನೀರಿಗೆ ಯಾರ ಪಾಳಿ ಯಾವಾಗ, ಹೊಸಬ ಬಂದರೆ ಅವನ ಟ್ರಂಕು ಎಲ್ಲಿಡಬೇಕು ಎಂಬ ಏರ್ಪಾಡು ಇತ್ತು. ಏರ್ಪಾಡು ಇದ್ದುದರಿಂದ ಬಾಳ್ವೆ ನಡೆಯಿತು. ಮೀನಿಗೆ ಆ ಏರ್ಪಾಡನ್ನು ಮಾಡಿಕೊಳ್ಳಲು ಬರುವುದಿಲ್ಲ, ನೀವೇ ಮಾಡಿಕೊಡಬೇಕು.

ಜಾಗದ ಲೆಕ್ಕ, ಸ್ಲ್ಯಾಬಿನ ಲೆಕ್ಕ

ಅಂಗಡಿಯಲ್ಲಿ ನೋಡುವಾಗ ಟ್ಯಾಂಗ್ ಅಂಗೈಯಷ್ಟೂ ಇರುವುದಿಲ್ಲ. ಬೆಳೆದಾಗ ಹಳದಿ ಟ್ಯಾಂಗ್ ಸುಮಾರು 20 ಸೆಂಟಿಮೀಟರ್, ಬ್ಲೂ ಟ್ಯಾಂಗ್ 30, ಸೇಲ್‌ಫಿನ್ 40, ನಾಸೊ 45 ಸೆಂಟಿಮೀಟರ್‌ವರೆಗೆ ಆಗುತ್ತದೆ. ಇವು ದಿನವಿಡೀ ಈಜುವ ಮೀನುಗಳಾದ ಕಾರಣ ಟ್ಯಾಂಕಿನ ಎತ್ತರಕ್ಕಿಂತ ಉದ್ದ ಮುಖ್ಯ.

ನನ್ನ ಲೆಕ್ಕ ಇಷ್ಟು. 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ (450 ಲೀಟರ್) ಟ್ಯಾಂಕಿನಲ್ಲಿ ಕೋಲೆ ಅಥವಾ ಟೊಮಿನಿಯಂಥ ಚಿಕ್ಕ ಜಾತಿಯದು ಒಂದೇ ಒಂದು. 6 ಅಡಿಯ (680 ಲೀಟರ್) ಟ್ಯಾಂಕಿನಲ್ಲಿ ಎರಡು, ಹೆಚ್ಚೆಂದರೆ ಮೂರು. ಐದು ಬೇಕೆನ್ನುವವರು 8 ಅಡಿ ಉದ್ದ, ಎರಡೂವರೆ ಅಡಿ ಅಗಲ, ಎರಡೂವರೆ ಅಡಿ ಎತ್ತರದ (ಸುಮಾರು 1,400 ಲೀಟರ್) ಟ್ಯಾಂಕಿಗಿಂತ ಕಡಿಮೆಗೆ ಕೈಹಾಕಬಾರದು.

ಈಗ ಸ್ಲ್ಯಾಬಿನ ಮಾತು. 6 ಅಡಿಯ ಟ್ಯಾಂಕಿನ ನೀರೇ 700 ಕಿಲೋ. ಗಾಜು, ಕಲ್ಲು, ಸ್ಟ್ಯಾಂಡು, ಕೆಳಗಿನ ಫಿಲ್ಟರ್ ಸೇರಿದರೆ ಒಂದು ಟನ್ ಆಗುತ್ತದೆ. 8 ಅಡಿಯದು ಎರಡು ಟನ್ನಿನ ಹತ್ತಿರ. ನಮ್ಮ ದೇಶದ ಕಟ್ಟಡ ನಿಯಮದಂತೆ ವಾಸದ ಕೋಣೆಯ ನೆಲವನ್ನು ಚದರ ಮೀಟರಿಗೆ ಸುಮಾರು 200 ಕಿಲೋ ಭಾರಕ್ಕೆ ಲೆಕ್ಕಹಾಕಿ ಕಟ್ಟುತ್ತಾರೆ. 6 ಅಡಿಯ ಟ್ಯಾಂಕ್ ತಾನು ನಿಂತ ಚದರ ಮೀಟರಿನ ಮೇಲೆ ಅದರ ನಾಲ್ಕು ಪಟ್ಟಿಗೂ ಹೆಚ್ಚು ಹೊರೆ ಹೇರುತ್ತದೆ. ಕೋಣೆಯ ಉಳಿದ ಭಾಗ ಖಾಲಿಯಿದ್ದರೆ ಸ್ವಲ್ಪ ಸಮಾಧಾನ, ಆದರೆ ಅದನ್ನು ಹೇಳಬೇಕಾದವರು ಇಂಜಿನಿಯರ್, ಅಂಗಡಿಯವರಲ್ಲ. ಜೋಗೇಶ್ವರಿಯಲ್ಲಿ ಹೊಸ ಟವರುಗಳ ಪಕ್ಕದಲ್ಲೇ ನಲವತ್ತು ಐವತ್ತು ವರ್ಷದ ಹಳೆಯ ಸೊಸೈಟಿಗಳೂ ಇವೆ. ಹಳೆಯ ಕಟ್ಟಡವಾದರೆ ಸ್ಟ್ರಕ್ಚರಲ್ ಇಂಜಿನಿಯರ್ ನೋಡಿ ಒಪ್ಪದ ಹೊರತು ದೊಡ್ಡ ಟ್ಯಾಂಕ್ ಬೇಡ. ಒಪ್ಪಿದರೂ ತೊಲೆಯ ಮೇಲೆ, ಗೋಡೆಗೆ ಒತ್ತಿ, ಅವರು ತೋರಿಸಿದ ಜಾಗದಲ್ಲೇ ಇಡಿ. ಕೆಳಗಿನ ಮನೆಯಲ್ಲಿ ಮಲಗಿರುವವರು ನಿಮ್ಮ ಹವ್ಯಾಸಕ್ಕೆ ಸಹಿ ಹಾಕಿಲ್ಲ. "ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂಬುದು ಇಲ್ಲಿ ದುಡ್ಡಿಗೆ ಮಾತ್ರ ಹೇಳಿದ ಮಾತಲ್ಲ.

ಯಾರು ಮೊದಲು, ಯಾರು ಕೊನೆ

ಮೀನು ಆರಿಸುವಾಗ ಒಂದೇ ಆಕಾರ, ಒಂದೇ ಬಣ್ಣ, ಒಂದೇ ಕುಲದವನ್ನು ಜೊತೆಗೆ ಹಾಕಬೇಡಿ. ತನ್ನಂತೆ ಕಾಣುವವನೇ ಟ್ಯಾಂಗಿಗೆ ಮೊದಲ ಶತ್ರು. ಐದು ಬೇರೆ ಬೇರೆ ಕುಲದಿಂದ ಒಂದೊಂದು ಆರಿಸುವುದು ಜಾಣತನ: ಕೋಲೆ, ಬ್ಲೂ ಟ್ಯಾಂಗ್, ನಾಸೊ, ಹಳದಿ ಟ್ಯಾಂಗ್, ಪೌಡರ್ ಬ್ಲೂ. ಬರುವ ಸರದಿಯೂ ಇದೇ ಇರಲಿ. ಸಾಧುಗಳು ಮೊದಲು ಬಂದು ನೆಲೆಯೂರಲಿ, ಜಗಳಗಂಟ ಕೊನೆಗೆ ಬರಲಿ. ಪೌಡರ್ ಬ್ಲೂ ಮೊದಲು ಬಂದರೆ ಇಡೀ ಟ್ಯಾಂಕ್ ತನ್ನ ಪಿತ್ರಾರ್ಜಿತ ಆಸ್ತಿ ಎಂದುಕೊಂಡು ಹಿಂದೆ ಬಂದವರನ್ನೆಲ್ಲ ಹಿಂಸಿಸುತ್ತದೆ. ಕೊನೆಗೆ ಬಂದರೆ ಅದೇ ಹೊಸಬ, ತಗ್ಗಿ ನಡೆಯುತ್ತದೆ. ಕ್ಲೌನ್ ಟ್ಯಾಂಗ್ ಮತ್ತು ಕೆಂಪು ಸಮುದ್ರದ ಸೋಹಲ್ ಟ್ಯಾಂಗನ್ನು ಮನೆಯ ಟ್ಯಾಂಕಿನ ಕೂಡುಬಾಳ್ವೆಗೆ ತರುವ ಸಾಹಸವೇ ಬೇಡ.

ಹೊಸ ಮೀನನ್ನು ನೇರವಾಗಿ ಬಿಡಬೇಡಿ. ತೂತುಗಳಿರುವ ಪಾರದರ್ಶಕ ಪೆಟ್ಟಿಗೆಯೊಳಗಿಟ್ಟು, ಆ ಪೆಟ್ಟಿಗೆಯನ್ನು ಟ್ಯಾಂಕಿನಲ್ಲಿ ನಾಲ್ಕೈದು ದಿನ ತೂಗುಹಾಕಿ. ಹಳಬರು ಸುತ್ತ ಬಂದು ಗದರಿಸಿ, ಬಾಲ ಬೀಸಿ, ಕೊನೆಗೆ ಬೇಸತ್ತು ಹೋಗುತ್ತಾರೆ. ಬಿಡುವ ದಿನ ಕಲ್ಲುಗಳ ಜಾಗ ಸ್ವಲ್ಪ ಬದಲಿಸಿದರೆ ಹಳಬರ ಗಡಿಗುರುತುಗಳು ಅಳಿಸಿಹೋಗುತ್ತವೆ. ಟ್ಯಾಂಕಿನ ಹೊರಗೆ ಒಂದು ಬದಿಗೆ ಕನ್ನಡಿ ಇಟ್ಟರೆ ಜಗಳಗಂಟ ತನ್ನ ಪ್ರತಿಬಿಂಬದೊಡನೆ ಕಾದಾಡುತ್ತಾ ಹೊಸಬನನ್ನು ಮರೆಯುತ್ತಾನೆ. ಪ್ರತಿಯೊಬ್ಬನಿಗೂ ರಾತ್ರಿ ಮಲಗಲು ಒಂದೊಂದು ಸಂದು ಬೇಕು. ಐದು ಮೀನಿಗೆ ಏಳೆಂಟು ಸಂದುಗಳಿರಲಿ.

ಮೊದಲ ಎರಡು ಮೂರು ದಿನ ಅಟ್ಟಾಟ ಸಹಜ. ಹೊಸಬ ಊಟ ಮಾಡುತ್ತಿದ್ದರೆ ಹೆದರಬೇಡಿ. ಊಟ ಬಿಟ್ಟರೆ, ಮೈಮೇಲೆ ಗೀರು ಬಿದ್ದರೆ, ಮೂಲೆ ಬಿಟ್ಟು ಬರದಿದ್ದರೆ ಕೂಡಲೇ ಬೇರ್ಪಡಿಸಬೇಕು. ಹೊರಗೆ ತೆಗೆಯಬೇಕಾದುದು ಪೆಟ್ಟು ತಿಂದವನನ್ನಲ್ಲ, ಕೊಟ್ಟವನನ್ನು ಎಂಬುದು ನೆನಪಿರಲಿ. ಒಂದು ವಾರ ಬೇರೆ ಟ್ಯಾಂಕಿನಲ್ಲಿದ್ದು ವಾಪಸು ಬಂದಾಗ ಅವನೇ ಹೊಸಬನಾಗಿರುತ್ತಾನೆ!

ಆ ಬೇರೆ ಟ್ಯಾಂಕ್ ಇನ್ನೊಂದು ಕಾರಣಕ್ಕೂ ಬೇಕೇ ಬೇಕು. ಟ್ಯಾಂಗ್‌ಗಳಿಗೆ ಬಿಳಿಚುಕ್ಕೆ ರೋಗ ಬೇಗ ತಗಲುತ್ತದೆ. ಒಂದು ರೋಗಿ ಬಂದರೆ ಇಡೀ ಟ್ಯಾಂಕಿಗೆ ಗಂಡಾಂತರ. ಆದುದರಿಂದ ತಂದ ಪ್ರತಿಯೊಂದು ಮೀನೂ ಕನಿಷ್ಠ ಒಂದು ತಿಂಗಳು ಕ್ವಾರಂಟೈನ್‌ನಲ್ಲಿರಲಿ. ತಾಮ್ರದ ಔಷಧಿ ಕೊಡಬೇಕಾಗಿ ಬಂದರೆ ಅಲ್ಲೇ ಕೊಡಿ. ಸಿಗಡಿ, ಬಸವನಹುಳು ಇರುವ ದೊಡ್ಡ ಟ್ಯಾಂಕಿಗೆ ಆ ಔಷಧಿ ವಿಷ.

ಮೇವು, ತಂಪು, ಕರೆಂಟ್

ಜಗಳದ ಮೂಲ ಹೊಟ್ಟೆ ಎಂದ ಮೇಲೆ ಮದ್ದೂ ಅಲ್ಲೇ ಇದೆ. ದಿನಕ್ಕೊಮ್ಮೆ ಒಂದು ಚಿಟಿಕೆ ಉದುರಿಸಿ ಆಫೀಸಿಗೆ ಓಡುವವರಿಗೆ ಟ್ಯಾಂಗ್ ಅಲ್ಲ. ಜಪಾನೀಯರು ತಿನ್ನುವ ನೋರಿ ಎಂಬ ಕಡಲಪಾಚಿಯ ಹಾಳೆ ಈಗ ಮುಂಬಯಿಯಲ್ಲಿ ಸಿಗುತ್ತದೆ. ಉಪ್ಪು, ಎಣ್ಣೆ, ಮಸಾಲೆ ಹಾಕದ್ದನ್ನು ತನ್ನಿ. ಟ್ಯಾಂಕಿನ ಎರಡು ಮೂರು ಕಡೆ ಕ್ಲಿಪ್ಪಿಗೆ ಸಿಕ್ಕಿಸಿ. ಒಂದೇ ಕಡೆ ಇಟ್ಟರೆ ಯಜಮಾನ ಅದರ ಮುಂದೆ ಕಾವಲು ನಿಲ್ಲುತ್ತಾನೆ, ಮೂರು ಕಡೆ ಇಟ್ಟರೆ ಮೂರನ್ನೂ ಕಾಯಲಾರ. ಸ್ಪಿರುಲಿನಾ ಇರುವ ಆಹಾರ, ಆಗಾಗ ಸ್ವಲ್ಪ ಸಿಗಡಿ ಜೊತೆಗಿರಲಿ.

ನೀರಿನ ಬಗ್ಗೆ ಸಂಕ್ಷೇಪವಾಗಿ. ವರ್ಸೋವಾ, ಜುಹೂ ಹತ್ತಿರವೇ ಇವೆಯೆಂದು ಅಲ್ಲಿಯ ಸಮುದ್ರದ ನೀರು ತರಬೇಡಿ, ಅದರಲ್ಲಿ ಊರಿನ ಗಟಾರವೂ ಸೇರಿದೆ. ನಳ್ಳಿಯ ನೀರನ್ನು ಆರ್‌ಓ ಯಂತ್ರದಲ್ಲಿ ಶುದ್ಧಮಾಡಿ, ಲೀಟರಿಗೆ ಸುಮಾರು 35 ಗ್ರಾಮ್‌ನಂತೆ ಅಕ್ವೇರಿಯಂ ಉಪ್ಪು ಬೆರೆಸಬೇಕು. 1,400 ಲೀಟರಿಗೆ ಸುಮಾರು 50 ಕಿಲೋ ಉಪ್ಪು. ವಾರಕ್ಕೆ ಹತ್ತನೇ ಒಂದು ಭಾಗ ಬದಲಿಸುವುದಾದರೆ 140 ಲೀಟರ್, ಜೊತೆಗೆ ಆರ್‌ಓ ಯಂತ್ರ ಹೊರಹಾಕುವ ಅದರ ಎರಡು ಮೂರು ಪಟ್ಟು ನೀರು. ಗಂಟೆ ಎರಡು ಗಂಟೆ ಮಾತ್ರ ನೀರು ಬಿಡುವ ಸೊಸೈಟಿಯಲ್ಲಿದ್ದರೆ ಇದನ್ನು ಅಮ್ಮನೊಡನೆ ಮೊದಲೇ ಮಾತಾಡಿಕೊಳ್ಳಿ. ಹೊರಹೋಗುವ ನೀರು ನೆಲ ಒರೆಸಲು, ಬಟ್ಟೆ ಒಗೆಯಲು ಆಗುತ್ತದೆ.

ಟ್ಯಾಂಗಿಗೆ ಬೇಕಾದ ಶಾಖ 25ರಿಂದ 27 ಡಿಗ್ರಿ. ಮೇ ತಿಂಗಳಲ್ಲಿ ನಮ್ಮ ಕೋಣೆಗಳೇ 32 ಡಿಗ್ರಿ ದಾಟುತ್ತವೆ. ಆದುದರಿಂದ ಚಿಲ್ಲರ್ ಇಲ್ಲದೆ ಮುಂಬಯಿಯಲ್ಲಿ ಉಪ್ಪುನೀರಿನ ಹವ್ಯಾಸವಿಲ್ಲ. ಕರೆಂಟ್ ಬಿಲ್ಲು ತಿಂಗಳು ತಿಂಗಳೂ ಅದನ್ನು ನೆನಪಿಸುತ್ತದೆ. ಕರೆಂಟೇ ಹೋದರೆ? 2005ರ ಜುಲೈ 26ರ ಮಳೆಯಲ್ಲಿ ಉಪನಗರಗಳ ಎಷ್ಟೋ ಕಡೆ ದಿನಗಟ್ಟಲೆ ಕರೆಂಟ್ ಇರಲಿಲ್ಲ. 2020ರ ಅಕ್ಟೋಬರ್ 12ರಂದು ಗ್ರಿಡ್ ಕೈಕೊಟ್ಟು ಮುಂಬಯಿಗೆ ಮುಂಬಯಿಯೇ ಗಂಟೆಗಟ್ಟಲೆ ಕತ್ತಲಾಯಿತು. ಟ್ಯಾಂಗಿಗೆ ಆಮ್ಲಜನಕ ಬಹಳ ಬೇಕು. ಪಂಪು ನಿಂತ ಮೇಲೆ ತುಂಬಿದ ಟ್ಯಾಂಕಿನಲ್ಲಿ ಅದು ಕೆಲವೇ ಗಂಟೆಗಳಲ್ಲಿ ಮುಗಿಯುತ್ತದೆ. ಬ್ಯಾಟರಿಯ ಗಾಳಿಪಂಪು ಎರಡಾದರೂ ಮನೆಯಲ್ಲಿರಬೇಕು, ಸಾಧ್ಯವಾದರೆ ಇನ್ವರ್ಟರ್ ಇರಲಿ.

ಎಲ್ಲಿಂದ ಬಂತು ಈ ಮೀನು?

ಗಪ್ಪಿ, ಮಾಲಿಗಳು ತೊಟ್ಟಿಯಲ್ಲಿ ಹುಟ್ಟಿದವು. ಟ್ಯಾಂಗ್‌ಗಳಲ್ಲಿ ಬಹುಪಾಲು ಸಮುದ್ರದಿಂದ ಹಿಡಿದು ತಂದವು. ಹಳದಿ ಟ್ಯಾಂಗಿನ ತವರು ಹವಾಯಿ. ಅಲ್ಲಿಯ ಸುಪ್ರೀಂ ಕೋರ್ಟು 2017ರಲ್ಲಿ, ಪರಿಸರದ ಪರಿಶೀಲನೆಯಿಲ್ಲದೆ ಅಕ್ವೇರಿಯಂ ವ್ಯಾಪಾರಕ್ಕೆ ಮೀನು ಹಿಡಿಯಲು ಪರವಾನಗಿ ಕೊಡುವಂತಿಲ್ಲ ಎಂದಿತು. ಅಲ್ಲಿಂದ ಮುಂದೆ ಆ ಮೀನು ವಿರಳವಾಗಿ ಬೆಲೆ ಏರಿತು. ಸಂತೋಷದ ಸಂಗತಿಯೂ ಇದೆ. ಹವಾಯಿಯ ಓಶಿಯಾನಿಕ್ ಇನ್‌ಸ್ಟಿಟ್ಯೂಟಿನವರು 2015ರಲ್ಲಿ ಹಳದಿ ಟ್ಯಾಂಗನ್ನು, ಫ್ಲೋರಿಡಾ ವಿಶ್ವವಿದ್ಯಾನಿಲಯದವರು 2016ರಲ್ಲಿ ಬ್ಲೂ ಟ್ಯಾಂಗನ್ನು ತೊಟ್ಟಿಯಲ್ಲೇ ಮರಿಮಾಡಿ ಬೆಳೆಸುವುದರಲ್ಲಿ ಗೆದ್ದರು. ಕ್ರಾಫರ್ಡ್ ಮಾರ್ಕೆಟ್ಟಿನಲ್ಲಾಗಲಿ ಕುರ್ಲಾದಲ್ಲಾಗಲಿ ಕೊಳ್ಳುವಾಗ "ಇದು ಸಾಕಿ ಬೆಳೆಸಿದ್ದೇ, ಹಿಡಿದದ್ದೇ?" ಎಂದು ಕೇಳಿ. ಕೇಳುವವರು ಹೆಚ್ಚಿದಂತೆ ತರಿಸುವವರೂ ಬದಲಾಗುತ್ತಾರೆ. ನಮ್ಮ ಕಡಲಿನ ಹವಳವನ್ನು ಮಾತ್ರ ಯಾರು ಕೊಟ್ಟರೂ ಕೊಳ್ಳಬೇಡಿ. 2001ರಿಂದ ಅದು ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿದೆ. ಸೆರಾಮಿಕ್ ಕಲ್ಲು ಧಾರಾಳವಾಗಿ ಸಾಕು.

ಇನ್ನೊಂದು ಮಾತು. ಹಳದಿ ಟ್ಯಾಂಗ್ ಸಮುದ್ರದಲ್ಲಿ 30 ವರ್ಷಕ್ಕೂ ಹೆಚ್ಚು ಕಾಲ ಬದುಕಬಲ್ಲದು. ಇಪ್ಪತ್ತರ ವಯಸ್ಸಿನಲ್ಲಿ ನೀವು ತಂದ ಮೀನು ನಿಮ್ಮ ಪರೀಕ್ಷೆ, ನೌಕರಿ, ಮದುವೆ, ಪುಣೆಗೋ ದುಬೈಗೋ ವರ್ಗ, ಎಲ್ಲವನ್ನೂ ದಾಟಿ ಇರಬಹುದು. ನೀವು ಹೊರಟಾಗ ಆ 1,400 ಲೀಟರ್ ನೀರನ್ನು ನೋಡಿಕೊಳ್ಳುವವರು ಯಾರು? ಅಪ್ಪ ಅಮ್ಮನ ತಲೆಗೆ ಕಟ್ಟುವುದಾದರೆ ಟ್ಯಾಂಕ್ ಕೊಳ್ಳುವ ಮುಂಚೆಯೇ ಅವರ ಒಪ್ಪಿಗೆ ಪಡೆಯಿರಿ. ಬೇಸತ್ತು ಸಮುದ್ರಕ್ಕೆ ಬಿಡುವುದು ಪರಿಹಾರವಲ್ಲ.

ಹಾಗಾದರೆ ಉತ್ತರವೇನು? 8 ಅಡಿಯ ಜಾಗ, ಇಂಜಿನಿಯರರ ಒಪ್ಪಿಗೆ, ಚಿಲ್ಲರ್, ಕ್ವಾರಂಟೈನ್ ಟ್ಯಾಂಕ್, ದಿನಕ್ಕೆ ಒಂದು ಗಂಟೆ ಬಿಡುವು, ಮೀನು ಸೇರಿಸಲು ಎಂಟು ಹತ್ತು ತಿಂಗಳ ತಾಳ್ಮೆ ಇರುವವರು ಐದು ಟ್ಯಾಂಗ್ ಸಾಕಬಹುದು, ಅವು ಬಾಳುತ್ತವೆ. ಇದರಲ್ಲಿ ಒಂದು ಕಡಿಮೆಯಿದ್ದರೂ 4 ಅಡಿಯ ಟ್ಯಾಂಕಿನಲ್ಲಿ ಒಂದು ಕೋಲೆ ಟ್ಯಾಂಗ್, ಜೊತೆಗೆ ಎರಡು ಕ್ಲೌನ್ ಮೀನು ಇಟ್ಟುಕೊಂಡು ಸುಖವಾಗಿರಿ. ಒಂದನ್ನು ಚೆನ್ನಾಗಿ ಸಾಕಿದವನು ಐದನ್ನು ಕೊಂದವನಿಗಿಂತ ದೊಡ್ಡ ಹವ್ಯಾಸಿ.

ಸಾಕಲಾಗದವರೂ ನಿರಾಶರಾಗಬೇಕಿಲ್ಲ. ನಿಮ್ಮಲ್ಲಿ ಹಲವರು ಕಡಲಿನ ಮೀನನ್ನು ಮೊದಲು ಕಂಡದ್ದು 1951ರಲ್ಲಿ ಆರಂಭವಾದ ಮರೀನ್ ಡ್ರೈವಿನ ತಾರಾಪೋರ್‌ವಾಲಾ ಅಕ್ವೇರಿಯಂನಲ್ಲಿ. ಕೋವಿಡ್ ಕಾಲದಲ್ಲಿ ಅದು ಮುಚ್ಚಿತು. ಅದಕ್ಕಿಂತ ದೊಡ್ಡ ಅಕ್ವೇರಿಯಂ ನಮ್ಮ ಊರಿನ ದಾರಿಯಲ್ಲೇ ಇದೆ: ಮುರ್ಡೇಶ್ವರದ ಕಡಲಿನಾಚೆಯ ನೇತ್ರಾಣಿ ದ್ವೀಪ. ಕೊಂಕಣ ರೈಲಿನಲ್ಲಿ ಊರಿಗೆ ಹೋದಾಗ ಮಳೆಗಾಲ ಬಿಟ್ಟು ಉಳಿದ ತಿಂಗಳುಗಳಲ್ಲಿ ಅಲ್ಲಿ ತರಬೇತಾದವರ ಜೊತೆ ನೀರಿಗಿಳಿಯಬಹುದು. ಸರ್ಜನ್ ಮೀನುಗಳು ತಮ್ಮ ಕತ್ತಿಗಳೊಡನೆ, ತಮ್ಮ ಜಾಗದಲ್ಲಿ ಮೇಯುವುದನ್ನು ಕಾಣಬಹುದು. ಈ ವಿದ್ಯೆಯನ್ನೇ ಕಲಿಯಬೇಕೆನ್ನುವವರಿಗೆ ಮಂಗಳೂರಿನಲ್ಲಿ 1969ರಲ್ಲಿ ಆರಂಭವಾದ ಮೀನುಗಾರಿಕಾ ಕಾಲೇಜು ಇದೆ. ಮೇಲಿನ ಪದವಿಗೆ ನಮ್ಮ ಪಕ್ಕದ ವರ್ಸೋವಾದಲ್ಲೇ 1961ರ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಫಿಶರೀಸ್ ಎಜುಕೇಶನ್ ಇದೆ. ಜೋಗೇಶ್ವರಿಯಿಂದ ಒಂದು ರಿಕ್ಷಾದ ದೂರ. ನಮ್ಮ ಮಕ್ಕಳಲ್ಲಿ ಒಬ್ಬಿಬ್ಬರಾದರೂ ಆ ಬಾಗಿಲು ತಟ್ಟಲಿ ಎಂದು ಹಾರೈಸುತ್ತೇನೆ.

ಮುಂದಿನ ಸಂಚಿಕೆಯಲ್ಲಿ ಬಾಲ್ಕನಿಯ ಕುಂಡದಲ್ಲಿ ಬಸಳೆ ಬೆಳೆಸುವ ಬಗೆ. ಪ್ರಶ್ನೆಗಳಿದ್ದರೆ ಸಂಘದ ಕಚೇರಿಗೆ ಬರೆದು ಕೊಡಿ. ಕನ್ನಡದಲ್ಲೇ ಬರೆಯಿರಿ, ತಪ್ಪಾದರೂ ಚಿಂತೆಯಿಲ್ಲ.